ನೀರಿನ ಮೇಲೊಂದು ಗಸಗಸೆ ಹೂ

ಕೇಳುಗರಿಗೆ ನಮಸ್ಕಾರ. ಗಸಗಸೆ ಅಂದ ಕೂಡಲೇ ನಮಗೆ ಪಾಯಸ ನೆನಪಾಗುತ್ತದೆ. ಕುಡಿದ ಮೇಲೆ ಬರುವ ನಿದ್ದೆಯೂ ನೆನಪಾಗುತ್ತದೆ, ಅಲ್ವಾ? ಇವತ್ತು ಆ ಜಾತಿಯ ಹೂವನ್ನು ಹಿಡಿದುಕೊಂಡು ಎರಡು ಚಿತ್ರ ನೋಡೋಣ. ರೇಡಿಯೋದಲ್ಲಿ ಚಿತ್ರ ನೋಡುವುದು ಹೇಗೆ ಅನ್ನಬೇಡಿ, ಸುಮ್ನೆ ಕಣ್ಣು ಮುಚ್ಚಿಕೊಳ್ಳಿ.

ಒಂದು ಹೊಳೆ. ಹುಡುಗಿಯೊಬ್ಬಳು ಅಂಗಾತ ತೇಲುತ್ತಿದ್ದಾಳೆ. ಎರಡೂ ಅಂಗೈ ಮೇಲಕ್ಕೆ ತೆರೆದಿವೆ. ಬಾಯಿ ಅರ್ಧ ತೆರೆದಿದೆ, ಹಾಡುತ್ತಿದ್ದವಳು ಸಾಲು ಮರೆತ ಹಾಗೆ. ಇವಳು ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದ ಒಫೀಲಿಯಾ, ಹೊಳೆಯಲ್ಲಿ ಮುಳುಗಿ ಸಾಯುವವಳು. ಚಿತ್ರ ಬರೆದವನು ಇಂಗ್ಲೆಂಡಿನ ಜಾನ್ ಎವೆರೆಟ್ ಮಿಲೇ. ಆಗ ಅವನಿಗೆ 22 ವರ್ಷ. 1851ರಲ್ಲಿ ಹಾಗ್ಸ್‌ಮಿಲ್ ಹೊಳೆಯ ದಡದಲ್ಲಿ ತಿಂಗಳುಗಟ್ಟಲೆ ಕೂತು, ನೊಣಗಳನ್ನು ಬೈದುಕೊಳ್ಳುತ್ತಾ, ಮೊದಲು ಗಿಡಗಂಟಿ ಬರೆದ. ಹುಡುಗಿಯ ಜಾಗ ಖಾಲಿ ಬಿಟ್ಟಿದ್ದ. ಹೂವಿಗೆಲ್ಲ ಅರ್ಥವಿದೆ. ಕೊರಳಲ್ಲಿ ವಯಲೆಟ್ ಹೂವಿನ ಸರ, ಅಂದರೆ ನಿಷ್ಠೆ. ಡೈಸಿ ಅಂದರೆ ಮುಗ್ಧತೆ. ನಡುವೆ ಕಣ್ಣಿಗೆ ಹೊಡೆಯುವ ಕೆಂಪು ಹೂವೊಂದಿದೆ, ಗಸಗಸೆಯ ದಾಯಾದಿ. ಅದು ಸಾವು.

ಚಳಿಗಾಲ ಬಂತು. ಖಾಲಿ ಜಾಗ ತುಂಬಲು ಎಲಿಜಬೆತ್ ಸಿಡಾಲ್ ಬಂದಳು, ಟೋಪಿ ಅಂಗಡಿಯಲ್ಲಿ ಕೆಲಸ ಮಾಡಿದ್ದ ಹುಡುಗಿ. ಲಂಡನ್ನಿನ ಮನೆಯಲ್ಲಿ ಸ್ನಾನದ ತೊಟ್ಟಿಗೆ ನೀರು ತುಂಬಿ, ಬೆಳ್ಳಿ ಕಸೂತಿಯ ಹಳೇ ಗೌನು ತೊಡಿಸಿ ಮಲಗಿಸಿದರು. ನೀರು ಬೆಚ್ಚಗಿರಲಿ ಅಂತ ತೊಟ್ಟಿಯ ಕೆಳಗೆ ದೀಪಗಳು. ಒಂದು ದಿನ ದೀಪ ಆರಿಹೋದವು. ಮಿಲೇ ಬರೆಯುತ್ತಲೇ ಇದ್ದ. ಅವಳು ಒಂದು ಮಾತೂ ಆಡಲಿಲ್ಲ. ಆಮೇಲೆ ಜೋರು ಶೀತ, ಜ್ವರ. ಅವಳ ಅಪ್ಪ 50 ಪೌಂಡ್ ಪರಿಹಾರ ಕೇಳಿದ, ಮಿಲೇ ಡಾಕ್ಟರ ಬಿಲ್ಲು ಕಟ್ಟಿದ. ನನಗಂತೂ ಆ ಚಿತ್ರದಲ್ಲಿ ಹೂವುಗಳಿಗಿಂತ ಜಾಸ್ತಿ ಕಾಣುವುದು ಆ ನೀರಿನ ಚಳಿ.

1860ರಲ್ಲಿ ಅವಳು ಚಿತ್ರಕಾರ ರೊಸೆಟ್ಟಿಯನ್ನು ಮದುವೆಯಾದಳು. ಮರುವರ್ಷ ಹೆಣ್ಣುಮಗು ಸತ್ತೇ ಹುಟ್ಟಿತು. 1862ರಲ್ಲಿ ಅವಳೇ ಹೋದಳು, 32ಕ್ಕೆ, ಲಾಡನಮ್ ಜಾಸ್ತಿಯಾಗಿ. ಲಾಡನಮ್ ಅಂದರೆ ಮದ್ಯದಲ್ಲಿ ಕರಗಿಸಿದ ಅಫೀಮು. ಅಫೀಮು ಬರುವುದು ಗಸಗಸೆ ಕಾಯಿಯಿಂದ.

ಎರಡನೆಯ ಚಿತ್ರ ರೊಸೆಟ್ಟಿಯದು, ‘ಬಿಯಾಟಾ ಬಿಯಾಟ್ರಿಕ್ಸ್’. ಹಾಗಂದರೆ ಧನ್ಯೆ ಬಿಯಾಟ್ರಿಸ್, ಕವಿ ಡಾಂಟೆ ಪ್ರೀತಿಸಿದವಳು. ಹೆಂಡತಿ ಸತ್ತ ಮೇಲೆ ಅವಳ ಮುಖವನ್ನೇ ನೆನೆದು ಬರೆದದ್ದು. ಕಣ್ಣು ಮುಚ್ಚಿ ಕೂತಿದ್ದಾಳೆ. ಕೆಂಪು ಹಕ್ಕಿಯೊಂದು ಅವಳ ಕೈಗೆ ಬಿಳಿ ಗಸಗಸೆ ಹೂ ತಂದು ಕೊಡುತ್ತಿದೆ. ಚೆಲುವಾದ ಚಿತ್ರ, ಸುಳ್ಳಲ್ಲ. ಆದರೆ ಆ ಹಕ್ಕಿಯನ್ನು ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ.

ಎರಡೂ ಚಿತ್ರ ಲಂಡನ್ನಿನ ಟೇಟ್ ಬ್ರಿಟನ್ ಕಲಾ ಸಂಗ್ರಹಾಲಯದಲ್ಲಿವೆ. ಸಿಡಾಲ್ ತಾನೂ ಚಿತ್ರ ಬರೆಯುತ್ತಿದ್ದಳು. 1850ರ ದಶಕದಲ್ಲಿ ತನ್ನದೇ ಮುಖ ಬರೆದಿದ್ದಾಳೆ, ಸಣ್ಣ ದುಂಡು ಚಿತ್ರ. ದಣಿದ ರೆಪ್ಪೆಗಳು, ಬಿಗಿದ ತುಟಿ. ಹೂವಿಲ್ಲ, ಹಕ್ಕಿಯಿಲ್ಲ. ಕಣ್ಣು ಬಿಟ್ಟಿದ್ದಾಳೆ.