ನಾಲ್ಕು ಜನರ ಸೋಫಾ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ನಾಲ್ಕೈದು ಮಂದಿ ಸೇರಿ ಹಿಡಿದ ಬಾಡಿಗೆ ಮನೆಗಳು ಓಣಿಗೆ ಹತ್ತು ಸಿಗುತ್ತವೆ. ಅಂಥ ಮನೆಯ ಹಾಲ್‌ನಲ್ಲಿ ಒಂದು ಹಳೆಯ ಸೋಫಾ ಕೂತಿರುತ್ತದೆ. ಮಾಲಕರು ಬಿಟ್ಟದ್ದೋ, ಹಿಂದೆ ಇದ್ದವರು ಹೊತ್ತೊಯ್ಯಲಾರದೆ ಬಿಟ್ಟದ್ದೋ, ಕೇಳಿದರೆ ಯಾರಿಗೂ ನೆನಪಿಲ್ಲ. ನಡುವೆ ಕೂತವರು ತಗ್ಗಿಗೆ ಇಳಿಯುತ್ತಾರೆ, ಏಳಬೇಕಾದರೆ ಇನ್ನೊಬ್ಬರು ಕೈ ಕೊಡಬೇಕು. ಬಿಳಿ ಅಂಗಿ ಹಾಕಿಕೊಂಡು ಒರಗಿದವರ ಬೆನ್ನಿಗೆ ರೆಕ್ಸಿನ್ನಿನ ಕರಿ ಹೊಟ್ಟು ಅಂಟುತ್ತದೆ. ಇದನ್ನು ಕಡಿಮೆ ಖರ್ಚಿನಲ್ಲಿ ಸರಿಮಾಡಿಕೊಳ್ಳುವುದು ಹೇಗೆ ಅನ್ನುವುದು ಇವತ್ತಿನ ಮಾತು.

ಸಾಮಾನ್ಯವಾಗಿ ಎಲ್ಲರೂ ಮೊದಲು ಓಡುವುದು ಬಟ್ಟೆ ಅಂಗಡಿಗೆ. ಬೇಡ. ಮೊದಲು ಸೋಫಾವನ್ನು ಬೋರಲು ಹಾಕಿ.

ಬೋರಲು ಹಾಕಿದೊಡನೆ ಹುಡುಕಬೇಕಾದದ್ದು ತಗಣಿ. ಹೊಲಿಗೆಯ ಸಂದಿ, ಕಟ್ಟಿಗೆಯ ಮೂಲೆ, ಹಿಂಬದಿಯ ಮಡಿಕೆ, ಎಲ್ಲ ಕಡೆ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಶಾಯಿಯ ಹಾಗೆ ಹರಡುವ ಸಣ್ಣ ಕಪ್ಪು ಚುಕ್ಕೆಗಳಿದ್ದರೆ ಅಲ್ಲಿಗೇ ನಿಲ್ಲಿಸಿ. ಬಿಸಿಲಿಗೆ ಇಟ್ಟರೆ ಹೋಗುತ್ತದೆ ಅನ್ನುವವರಿದ್ದಾರೆ. ಮೇಲಿನ ಬಟ್ಟೆ ಕಾಯುತ್ತದೆ ನಿಜ, ಫೋಮಿನ ಒಳಗೆ ಅಷ್ಟು ಶಾಖ ಮುಟ್ಟುವುದಿಲ್ಲ. ತಗಣಿ ಬಿದ್ದ ಸೋಫಾಕ್ಕೆ ಹೊಸ ಹೊದಿಕೆ ಹಾಕಿದರೆ ಅವುಗಳಿಗೇ ಹೊಸ ಮನೆ ಕಟ್ಟಿಕೊಟ್ಟ ಹಾಗಾಯಿತು.

ತಗಣಿ ಇಲ್ಲವೆಂದಾದರೆ, ತಳಕ್ಕೆ ಹೊಡೆದ ಕಪ್ಪು ಜಾಳು ಬಟ್ಟೆಯನ್ನು ಒಂದು ಬದಿಯಿಂದ ಬಿಚ್ಚಿ. ಒಳಗೆ ಎರಡಿಂಚು ಅಗಲದ ಇಲಾಸ್ಟಿಕ್ ಪಟ್ಟಿಗಳೋ, ಅಂಕುಡೊಂಕಾಗಿ ಬಾಗಿಸಿದ ಸ್ಪ್ರಿಂಗುಗಳೋ ಕಾಣುತ್ತವೆ. ಪಟ್ಟಿ ಜೋತುಬಿದ್ದಿದ್ದರೆ ಹೊಸದು ತಂದು ಎಳೆದು ಹೊಡೆಯಬಹುದು. ಕುಶನ್ ಕೆಲಸದವರಿಗೆ ಅದು ದೊಡ್ಡ ಕೆಲಸವೇನಲ್ಲ. ಇನ್ನೂ ಅಗ್ಗದ ದಾರಿ ಬೇಕೆ? ಕುಶನ್ ಬೇರೆಯಾಗಿ ಎತ್ತುವಂಥದ್ದಿದ್ದರೆ, ಅದರ ಅಡಿಗೆ 12 ಎಂ.ಎಂ. ಪ್ಲೈವುಡ್ ಹಲಗೆ ಕೊಯ್ಸಿ ಹಾಕಿ. ಅಂಚನ್ನು ಉಪ್ಪುಕಾಗದದಿಂದ ಉಜ್ಜುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಸಿಬಿರು ಬಟ್ಟೆಯನ್ನು ಹರಿಯುತ್ತದೆ. ತಗ್ಗು ಅಂದೇ ಮಾಯವಾಗುತ್ತದೆ.

ಆದರೆ ಹಲಗೆಯ ಮೇಲೆ ಸವೆದ ಫೋಮ್ ಇದ್ದರೆ ಬಸ್‌ಸ್ಟ್ಯಾಂಡಿನ ಬೆಂಚೇ ಗತಿ. ನಿಮ್ಮ ಹತ್ತಿರ ಇರುವ ದುಡ್ಡಿನಲ್ಲಿ ದೊಡ್ಡ ಪಾಲು ಹೋಗಬೇಕಾದದ್ದು ಫೋಮಿಗೆ. ಗಾದಿ ಅಂಗಡಿಯಲ್ಲಿ 32 ಡೆನ್ಸಿಟಿ, 40 ಡೆನ್ಸಿಟಿ ಅನ್ನುತ್ತಾರಲ್ಲ, ಅದು ಗಟ್ಟಿತನದ ಲೆಕ್ಕ ಅಂತ ಬಹಳ ಜನ ತಿಳಿದಿದ್ದಾರೆ. ಅದು ತೂಕದ ಲೆಕ್ಕ: ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಅನ್ನುವುದು. ಹಾಗಾಗಿ ಪರೀಕ್ಷೆಯೂ ಸುಲಭ. ಆರಡಿ ಉದ್ದ, ಎರಡಡಿ ಅಗಲ, ನಾಲ್ಕಿಂಚು ದಪ್ಪದ ತುಂಡನ್ನು ತಕ್ಕಡಿಗೆ ಹಾಕಿದರೆ 32 ಡೆನ್ಸಿಟಿಯದು ಸುಮಾರು ಮೂರೂವರೆ ಕಿಲೋ ತೂಗಬೇಕು, 40ರದ್ದು ನಾಲ್ಕೂವರೆ ಕಿಲೋ. ಎರಡೂವರೆ ಕಿಲೋ ಬಂತೋ, ಅಂಗಡಿಯವರು ಹೇಳಿದ್ದು ಒಂದು, ಕೊಟ್ಟದ್ದು ಇನ್ನೊಂದು. ನಾಲ್ಕು ಜನ ಹಗಲೆಲ್ಲ ಕೂರುವ ಸೋಫಾಕ್ಕೆ 40ರದ್ದೇ ತನ್ನಿ. ಬೆನ್ನಿನ ಕಡೆಗೆ ಹಳೆಯದೇ ಸಾಕು, ಅಲ್ಲಿ ಭಾರ ಬೀಳುವುದಿಲ್ಲ.

ಇನ್ನು ರೆಕ್ಸಿನ್. ಅದು ಬಟ್ಟೆಯ ಮೇಲೆ ಬಳಿದ ತೆಳು ಪ್ಲಾಸ್ಟಿಕ್ ಪದರ. ಬೆವರು, ತಲೆಎಣ್ಣೆ, ಮಳೆಗಾಲದ ತೇವ ಸೇರಿ ಪದರ ಬಟ್ಟೆಯನ್ನು ಬಿಟ್ಟು ಏಳುತ್ತದೆ. ಎದ್ದದ್ದನ್ನು ಅಂಟು ಹಚ್ಚಿ ಕೂಡಿಸಲು ಹೋಗಬೇಡಿ. ಮೊಂಡ ಚಾಕುವಿನಿಂದ ಕೆರೆದು, ಬ್ರಷ್ಷಿನಿಂದ ಉದುರಿಸಿ, ಆಮೇಲೆ ಹೊದಿಕೆ ಹಾಕಿ. ಕೆರೆಯದೆ ಮುಚ್ಚಿದರೆ ಆ ಹೊಟ್ಟು ಹೊದಿಕೆಯ ನೂಲಿನ ಸಂದಿಯಿಂದ ಮೇಲೆ ಬರುತ್ತದೆ.

ಹೊದಿಕೆಗೆ ಏನು? ಊರಿನ ಮನೆಯಲ್ಲಿ ಅಟ್ಟದ ಮೇಲೆ ಅಜ್ಜಿ ಹೊಲಿದ ಕೌದಿ ಇದ್ದರೆ ತನ್ನಿ. ಹಳೆಯ ಸೀರೆ ಪದರ ಪದರವಾಗಿ ಇಟ್ಟು ಸಾಲುಹೊಲಿಗೆ ಹಾಕಿದ ಕೌದಿ ಸೀಟಿನ ಮೇಲೆ ಹಾಸಲು ಹೇಳಿ ಮಾಡಿಸಿದ್ದು. ಆದರೆ ಅದನ್ನೇ ಮೇಲ್ಹೊದಿಕೆ ಮಾಡಬೇಡಿ. ನೆನೆದ ಕೌದಿ ಹಿಂಡಲು ಇಬ್ಬರು ಬೇಕು. ನಾಲ್ಕು ಜನರ ಮನೆಯಲ್ಲಿ ಆ ಇಬ್ಬರು ಯಾವತ್ತೂ ಸಿಗುವುದಿಲ್ಲ! ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕವಂದಿ ಅನ್ನುವ ಕೌದಿಯನ್ನಂತೂ ಚಹಾ ಚೆಲ್ಲುವ ಜಾಗದಲ್ಲಿ ಹಾಸುವುದು ಅನ್ಯಾಯ. ಕೌದಿಯ ಮೇಲೆ ಸೊಲ್ಲಾಪುರ ಚಾದರವನ್ನೋ, ದಪ್ಪ ಹತ್ತಿಯ ಹಾಸನ್ನೋ ಹಾಕಿ. ಸಿಂಪಿಗರ ಹತ್ತಿರ ಅಳತೆಗೆ ಹೊಲಿಸುವುದಾದರೆ ಹತ್ತಿ ಬಟ್ಟೆಯನ್ನು ಮೊದಲು ನೀರಿಗೆ ಹಾಕಿ ಒಣಗಿಸಿ ಕೊಡಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಏರಿಸಲಾಗದೆ ಒದ್ದಾಡುತ್ತೀರಿ. ಚಾದರ ಜಾರದಿರಲು ಹಳೆಯ ಪೇಪರನ್ನು ಬಿಗಿಯಾಗಿ ಸುರುಳಿ ಸುತ್ತಿ, ಸೀಟು ಮತ್ತು ಬೆನ್ನಿನ ಸಂದಿಗೆ ತುರುಕಿ. ಸೋಫಾದ ಕೈಗಳ ಹತ್ತಿರ ಲಾಡಿ ಕಟ್ಟಿದರೆ ಆಯಿತು.

ಬಣ್ಣದ ವಿಷಯದಲ್ಲಿ ನನ್ನದು ಸ್ವಲ್ಪ ಜಗಳಗಂಟ ಅಭಿಪ್ರಾಯ. ಹೊಲಸು ಕಾಣಬಾರದು ಅಂತ ಎಲ್ಲರೂ ಕಂದು ಬಣ್ಣ ತರುತ್ತಾರೆ. ಹಂಚಿಕೊಂಡ ಮನೆಗೆ ಹೊಲಸು ಕಾಣಲೇಬೇಕು. ಕಂಡರೆ ತಾನೆ ಯಾರಾದರೂ ಒಗೆಯಲು ಎತ್ತುವುದು? ತಿಳಿ ಬಣ್ಣದ ಚೌಕಳಿ ತನ್ನಿ, ಒಂದಲ್ಲ ಎರಡು ತನ್ನಿ. ಒಂದು ಹಗ್ಗದ ಮೇಲಿದ್ದಾಗ ಇನ್ನೊಂದು ಸೋಫಾದ ಮೇಲಿರುತ್ತದೆ. ಇದೇ ಕಾರಣಕ್ಕೆ ಪಿನ್ನು ಹೊಡೆದು, ಮೊಳೆ ಬಡಿದು ಕೂಡಿಸುವ ಹೊದಿಕೆಯೂ ಬೇಡ. ಒಮ್ಮೆ ಎಳೆದರೆ ಬರಬೇಕು, ಬಕೆಟ್ಟಿಗೆ ಬೀಳಬೇಕು.

ಸೋಫಾ ಮಾಲಕರದ್ದಾದರೆ ತಳ ಬಿಚ್ಚುವ ಮುಂಚೆ ಒಂದು ಫೋಟೋ ಕಳಿಸಿ, "ಸರಿ ಮಾಡಸ್ತೀವ್ರಿ, ನಡೀತೈತೇನ್ರಿ?" ಅಂತ ಕೇಳಿಬಿಡಿ. ಡಿಪಾಸಿಟ್ ವಾಪಸು ಕೇಳುವ ದಿನ ಆ ಮೆಸೇಜು ಕೆಲಸಕ್ಕೆ ಬರುತ್ತದೆ. ಫೋಮಿನ ದುಡ್ಡನ್ನು ಎಲ್ಲರೂ ಹಾಕಿ, ಮನೆ ಬಿಟ್ಟು ಹೋಗುವವರ ಪಾಲನ್ನು ಹೊಸದಾಗಿ ಬರುವವರು ಕೊಡಲಿ.

ಒಂದು ಮಾತು ಉಳಿಯಿತು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ನಮ್ಮ ಕಡೆಯ ಜಿಟಿಜಿಟಿಯಲ್ಲಿ ತೊಯ್ದ ಫೋಮ್ ಒಣಗುವುದಿಲ್ಲ, ಮುಗ್ಗಲು ವಾಸನೆ ಹಿಡಿಯುತ್ತದೆ. ದಸರೆ ಮುಗಿದು ಬಿಸಿಲು ಬೀಳಲಿ. ಅಲ್ಲಿಯವರೆಗೆ ಹಲಗೆಯೊಂದನ್ನು ಹಾಕಿಕೊಂಡು ಕೂತಿರಿ.

ನಮಸ್ಕಾರ.