ಇವತ್ತು ಇಷ್ಟೇ ಇದೆ: ಬೊಲೋನ್ಯಾದ ತ್ರತ್ತೊರಿಯಾದಲ್ಲಿ ಊಟ

ಕೇಳುಗರೇ, ನಮಸ್ಕಾರ.

ಇಟಾಲಿಯನ್ ಊಟ ಅಂದ ತಕ್ಷಣ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ಪಿಜ್ಜಾ, ಅದರ ಜೊತೆ ಬರುವ ಒರೆಗಾನೋ ಪೊಟ್ಟಣ, ಆಮೇಲೆ ಮದುವೆ ಮನೆಯ ಕೌಂಟರಿನಲ್ಲಿ ಕೆಂಪು ಸಾಸಾ ಬಿಳಿ ಸಾಸಾ ಅಂತ ಕೇಳಿ ಬೆರೆಸಿ ಕೊಡುವ ಪಾಸ್ತಾ. ಅದನ್ನು ಬೈಯಲು ನಾನು ಬಂದಿಲ್ಲ. ನನಗೂ ಅದು ಸೇರುತ್ತದೆ. ಇವತ್ತಿನ ಮಾತು ಬೇರೆ. ಇಟಲಿಯಲ್ಲೇ, ಬೊಲೋನ್ಯಾ ಅನ್ನುವ ಊರಿನಲ್ಲಿ, ಒಂದು ಮನೆಯವರೇ ನಡೆಸುವ ಸಣ್ಣ ಹೋಟೆಲಿನಲ್ಲಿ ಕೂತು ಉಣ್ಣುವುದು ಹೇಗಿರುತ್ತದೆ ಅನ್ನುವುದು. ಅಂಥ ಜಾಗಕ್ಕೆ ಅಲ್ಲಿ ತ್ರತ್ತೊರಿಯಾ ಅಂತಾರೆ.

ಒಳಗೆ ಹೋದ ಕೂಡಲೇ ಖಾಲಿ ಕುರ್ಚಿ ಕಂಡಿತು ಅಂತ ಕೂರಬಾರದು. ಬಾಗಿಲ ಬಳಿ ನಿಲ್ಲಬೇಕು. ಯಾರೋ ಒಬ್ಬರು ಬಂದು ಎಷ್ಟು ಜನ ಅಂತ ಕೇಳುತ್ತಾರೆ. ಮಧ್ಯಾಹ್ನದ ಊಟ ಹನ್ನೆರಡೂವರೆಯಿಂದ ಸುಮಾರು ಎರಡೂವರೆ, ರಾತ್ರಿಯದು ಏಳೂವರೆ ಮೇಲೆ. ನಡುವೆ ಅಡುಗೆಮನೆ ಬಂದ್. ನಾಲ್ಕು ಗಂಟೆಗೆ ಹಸಿವಾಯಿತು ಅಂತ ಹೋದರೆ ಮನೆಯವರು ತಾವೇ ಎಲ್ಲೋ ಮಲಗಿರುತ್ತಾರೆ. ವಾರಕ್ಕೊಂದು ದಿನ ರಜೆಯೂ ಉಂಟು.

ಮೆನು ಚಿಕ್ಕದು. ಕೆಲವು ಕಡೆ ಒಂದೇ ಹಾಳೆ, ಕೆಲವು ಕಡೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು. ನಾಲ್ಕೈದು ಬಗೆಯ ಪಾಸ್ತಾ, ಮೂರು ನಾಲ್ಕು ಮಾಂಸದ ಅಡುಗೆ, ತರಕಾರಿ, ಎರಡು ಸಿಹಿ. ಮುಗೀತು. ನಮಗೆ ಇದು ಕೊರತೆ ಅನ್ನಿಸುತ್ತದೆ, ಯಾಕೆಂದರೆ ಒಂದೇ ಪುಸ್ತಕದಲ್ಲಿ ನಾರ್ತ್ ಇಂಡಿಯನ್, ಸೌತ್ ಇಂಡಿಯನ್, ಚೈನೀಸ್ ಎಲ್ಲ ಓದಿ ಅಭ್ಯಾಸ. ನನ್ನ ಅಭಿಪ್ರಾಯ ಉಲ್ಟಾ. ಆ ಜಾಗ ನಂಬಿಕೆಗೆ ಅರ್ಹ ಅಂತ ಹೇಳುವ ಮೊದಲ ಗುರುತೇ ಅದು. ಅಡುಗೆಮನೆಯಲ್ಲಿ ಇರುವುದು ಇಬ್ಬರೋ ಮೂವರೋ. ಅವರು ಬೆಳಗ್ಗೆ ಮಾಡಿದ್ದು ಇಷ್ಟೇ, ಹಾಗಾಗಿ ಕೊಡುವುದೂ ಇಷ್ಟೇ. ರಾತ್ರಿ ಒಂಬತ್ತರ ಹೊತ್ತಿಗೆ ಒಂದು ಐಟಂ ಖಾಲಿಯಾಗಿದೆ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಅಲ್ಲಿ ಇನ್ನೊಂದು ಸಣ್ಣ ಗುಟ್ಟಿದೆ. ಫ್ರೀಜ್ ಮಾಡಿದ ಪದಾರ್ಥ ಬಳಸಿದರೆ ಹೋಟೆಲಿನವರು ಅದನ್ನು ಗಿರಾಕಿಗೆ ತಿಳಿಸಬೇಕು. ಸಾಮಾನ್ಯವಾಗಿ ಹೆಸರಿನ ಪಕ್ಕ ಒಂದು ನಕ್ಷತ್ರದ ಗುರುತು ಹಾಕಿ, ಕೆಳಗೆ ತೀರಾ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಮುಖ್ಯ ಚೌಕದ ಹತ್ತಿರ ಒಂದು ಕಡೆ ಫೋಟೋ ಹಾಕಿದ, ಐದಾರು ಭಾಷೆಯ ಪ್ಲಾಸ್ಟಿಕ್ ಮೆನು ಕೈಗೆ ಕೊಟ್ಟರು. ಆಕಾಶಕ್ಕಿಂತ ಅದರಲ್ಲೇ ನಕ್ಷತ್ರ ಜಾಸ್ತಿ ಇದ್ದವು.

ಈಗ ಬೊಲೋನ್ಯಾದ ನಿಜವಾದ ಹೆಮ್ಮೆಗೆ ಬರೋಣ. ಅಲ್ಲಿ ಪಾಸ್ತಾ ಅಂದರೆ ಮೊಟ್ಟೆ ಹಾಕಿ ಕಲಸಿದ್ದು. 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ, ನೀರಿಲ್ಲ. ದಕ್ಷಿಣ ಇಟಲಿಯದ್ದು ಬೇರೆ ಸಂಪ್ರದಾಯ: ಗಟ್ಟಿ ಗೋಧಿಯ ರವೆ, ನೀರು. ನಾವು ಅಂಗಡಿಯಲ್ಲಿ ಕೊಳ್ಳುವ ಒಣ ಪಾಸ್ತಾ ಆ ಕಡೆಯದು. ಬೊಲೋನ್ಯಾದಲ್ಲಿ ಕಲಸಿದ ಹಿಟ್ಟನ್ನು ದೊಡ್ಡ ಮರದ ಹಲಗೆಯ ಮೇಲೆ, ಉದ್ದನೆಯ ಲಟ್ಟಣಿಗೆಯಲ್ಲಿ, ಬೆಳಕು ಹಾಯುವಷ್ಟು ತೆಳ್ಳಗೆ ಲಟ್ಟಿಸುತ್ತಾರೆ. ಹಾಗೆ ಲಟ್ಟಿಸಿದ ಹಾಳೆಗೆ ಸ್ಫೋಲ್ಯಾ ಅಂತಲೂ, ಆ ಕೆಲಸ ಮಾಡುವ ಹೆಂಗಸಿಗೆ ಸ್ಫೋಲಿನಾ ಅಂತಲೂ ಹೆಸರು. ಮಷೀನಿನಲ್ಲಿ ಒತ್ತಿದರೆ ಹಾಳೆ ನುಣುಪಾಗಿಬಿಡುತ್ತದೆ. ಮರದ ಮೇಲೆ ಮರ ಆಡಿದಾಗ ಸ್ವಲ್ಪ ತರಿತರಿ ಉಳಿಯುತ್ತದೆ, ಸಾಸು ಅದಕ್ಕೆ ಅಂಟಿಕೊಳ್ಳುತ್ತದೆ. ಇದು ಬಡಾಯಿ ಅಲ್ಲ, ಎರಡನ್ನೂ ಪಕ್ಕಪಕ್ಕ ತಿಂದರೆ ನಾಲಿಗೆಗೆ ಗೊತ್ತಾಗುತ್ತದೆ.

ಅದೇ ಹಾಳೆಯನ್ನು ಮಡಚಿ ಪಟ್ಟಿಪಟ್ಟಿಯಾಗಿ ಕತ್ತರಿಸಿದರೆ ತಾಲ್ಯಾತೆಲ್ಲೆ. ಆ ಪಟ್ಟಿಯ ಅಗಲ ಎಷ್ಟಿರಬೇಕು ಅನ್ನುವುದಕ್ಕೂ ದಾಖಲೆ ಇದೆ, ನಗಬೇಡಿ. 1972ರಲ್ಲಿ ಬಂಗಾರದಲ್ಲೇ ಒಂದು ತಾಲ್ಯಾತೆಲ್ಲೆ ಮಾಡಿಸಿ ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ಇಟ್ಟಿದ್ದಾರೆ. ಬೆಂದ ಮೇಲೆ 8 ಮಿಲಿಮೀಟರ್ ಇರಬೇಕಂತೆ, ಅಂದರೆ ಊರಿನ ಅಸಿನೆಲ್ಲಿ ಗೋಪುರದ ಎತ್ತರದ 12,270ನೇ ಒಂದು ಭಾಗ. 1982ರಲ್ಲಿ ರಗೂ ಅನ್ನುವ ಮಾಂಸದ ಸಾಸಿನ ಪಾಕವಿಧಾನವನ್ನೂ ಅಲ್ಲೇ ನೋಂದಾಯಿಸಿದರು. 2023ರಲ್ಲಿ ತಿದ್ದಿ ಮತ್ತೆ ನೋಂದಾಯಿಸಿದರು. ಅಂದ ಹಾಗೆ, ಲೋಕದಲ್ಲೆಲ್ಲ ಸ್ಪಗೆಟ್ಟಿ ಬೊಲೊನೀಸ್ ಅಂತ ಮಾರುತ್ತಾರಲ್ಲ, ಅದನ್ನು ಈ ಊರಿನ ಮನೆ ಅಡುಗೆಯವರು ಒಪ್ಪುವುದಿಲ್ಲ. ರಗೂ ಬೇಕಾದರೆ ತಾಲ್ಯಾತೆಲ್ಲೆ ಜೊತೆ ತಿನ್ನಿ ಅಂತಾರೆ.

ಆದರೆ ಇಷ್ಟೆಲ್ಲ ನೋಂದಣಿ ನೋಡಿ ಅಸಲಿ ಅಂದರೆ ಸಾವಿರ ವರ್ಷ ಹಳೆಯದು ಅಂತ ತಿಳಿಯುವುದು ಬೇಡ. ರೋಮಿನ ಕಾರ್ಬೊನಾರಾ ಅನ್ನುವ ಪಾಸ್ತಾ ನೋಡಿ. ಅದರಲ್ಲಿ ಹಂದಿಯ ಕೆನ್ನೆಮಾಂಸ, ಪೆಕೊರಿನೋ ಚೀಸ್, ಮೊಟ್ಟೆ, ಮೆಣಸು ಬಿಟ್ಟು ಬೇರೆ ಏನು ಹಾಕಿದರೂ ಇವತ್ತು ಜಗಳಕ್ಕೆ ಬರುತ್ತಾರೆ. ಆದರೆ 1954ರಲ್ಲಿ ಇಟಲಿಯದ್ದೇ ಒಂದು ಅಡುಗೆ ಪತ್ರಿಕೆ ಅಚ್ಚು ಹಾಕಿದ ಕಾರ್ಬೊನಾರಾದಲ್ಲಿ ಬೆಳ್ಳುಳ್ಳಿಯೂ ಇತ್ತು, ಸ್ವಿಸ್ ಮೂಲದ ಗ್ರುಯೇರ್ ಚೀಸೂ ಇತ್ತು! ಇನ್ನು ಟೊಮೆಟೊ ಅಂತೂ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದದ್ದು. 2025ರ ಡಿಸೆಂಬರಿನಲ್ಲಿ ಯುನೆಸ್ಕೋ ಸಭೆ ನಮ್ಮ ದೆಹಲಿಯಲ್ಲೇ ನಡೆದು, ನಮ್ಮ ದೀಪಾವಳಿ ಮತ್ತು ಇಟಲಿಯ ಅಡುಗೆ ಎರಡೂ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿದವು. ಸಂತೋಷವೇ. ಆದರೂ ತ್ರತ್ತೊರಿಯಾದಲ್ಲಿ ಅಸಲಿತನ ಅಂದರೆ ನನಗೆ ಕಾಣುವುದು ಪಟ್ಟಿಯಲ್ಲಿ ಅಲ್ಲ. ಈ ಮನೆಯವರು ತಮಗೆ ಗೊತ್ತಿರುವ ಹತ್ತು ಅಡುಗೆಯನ್ನು ಮಾತ್ರ ಮಾಡುತ್ತಾರೆ, ಹನ್ನೊಂದನೆಯದು ಕೇಳಿದರೆ ಇಲ್ಲ ಅನ್ನುತ್ತಾರೆ. ಅದೇ ಅಸಲಿ.

ಈಗ ನಮ್ಮಲ್ಲಿ ಸಸ್ಯಾಹಾರಿಗಳು ಕೇಳುತ್ತಿದ್ದೀರಿ, ನಮಗೇನು ಸಿಗುತ್ತೆ ಅಂತ. ಸಿಗುತ್ತದೆ, ಆದರೆ ಕಣ್ಣು ಬಿಟ್ಟುಕೊಂಡು ಉಣ್ಣಬೇಕು. ಮೊಟ್ಟೆಯೂ ಬೇಡ ಅನ್ನುವವರಿಗೆ ಬೊಲೋನ್ಯಾದ ಹಸಿ ಪಾಸ್ತಾ ಆಗುವುದೇ ಇಲ್ಲ. ಒಣ ಪಾಸ್ತಾ ಇದೆಯಾ ಕೇಳಿ, ಟೊಮೆಟೊ ಸಾಸಿನಲ್ಲಿ ಮಾಡಿಸಿಕೊಳ್ಳಿ. ಮೊಟ್ಟೆ ಪರವಾಗಿಲ್ಲ ಅನ್ನುವವರಿಗೆ ತೊರ್ತೆಲ್ಲೋನಿ ಇದೆ. ಒಳಗೆ ರಿಕೊಟ್ಟಾ, ಅಂದರೆ ಹಾಲೊಡಕನ್ನು ಮತ್ತೆ ಕಾಯಿಸಿ ತೆಗೆದ ಮೆತ್ತನೆಯ ಚೀಸ್, ಮೇಲೆ ಬೆಣ್ಣೆ ಮತ್ತು ಸೇಜ್ ಎಲೆ. ನಮ್ಮ ಕಡುಬಿನ ಹಾಗೆ ಹೂರಣ ಇಟ್ಟು ಮಡಚಿದ್ದು. ಹೆಸರು ಸರಿಯಾಗಿ ಹೇಳಿ, ಯಾಕೆಂದರೆ ತೊರ್ತೆಲ್ಲೀನಿ ಅಂದರೆ ಸಣ್ಣದು, ಒಳಗೆ ಹಂದಿಮಾಂಸ, ಮೊರ್ತದೆಲ್ಲಾ ಅನ್ನುವ ಹಂದಿಮಾಂಸದ ದಪ್ಪ ಸಾಸೇಜ್, ಹೊರಗೆ ಮಾಂಸದ ಸಾರು. ಒಂದು ಸ್ವರ ಆಚೀಚೆ ಆದರೆ ತಟ್ಟೆಯೇ ಬೇರೆ.

ಕಣ್ಣಿಗೆ ಬೀಳದ ಮಾಂಸ ಇನ್ನೂ ಕಷ್ಟದ್ದು. ಫ್ರಿಜ್ಜೋನೆ ಅಂತ ಒಂದು ಅಡುಗೆ. ನೋಡಲು ಬರೀ ಈರುಳ್ಳಿ, ಟೊಮೆಟೊ, ಗಂಟೆಗಟ್ಟಲೆ ಬೇಯಿಸಿದ್ದು, ಬಾಯಲ್ಲಿ ನೀರೂರುತ್ತದೆ. ಹಳೆಯ ಕ್ರಮದಲ್ಲಿ ಅದಕ್ಕೆ ಹಾಕುವುದು ಸ್ತ್ರುತ್ತೋ, ಅಂದರೆ ಹಂದಿಯ ಕೊಬ್ಬು. ಕ್ರೆಷೆಂತೀನೆ ಅನ್ನುವ ಉಬ್ಬಿದ ರೊಟ್ಟಿಯನ್ನು ಕರಿಯುವುದೂ ಅದರಲ್ಲೇ. ಸೂಪಿಗೆ ಮಾಂಸದ ಸಾರು ಸಾಮಾನ್ಯ. ಇದನ್ನು ಅವರು ಬಚ್ಚಿಡುವುದಿಲ್ಲ, ಅದು ಮಾಂಸ ಅಂತ ಅವರ ಲೆಕ್ಕಕ್ಕೇ ಬರುವುದಿಲ್ಲ, ಅಷ್ಟೇ. ಯುರೋಪಿನ ನಿಯಮದ ಪ್ರಕಾರ ಅಲರ್ಜಿ ತರುವ 14 ಪದಾರ್ಥಗಳ ಮಾಹಿತಿ ಕೊಡಲೇಬೇಕು, ಆದರೆ ಹಂದಿಕೊಬ್ಬು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ನಾನು ವೆಜಿಟೇರಿಯನ್ ಅಂದರೆ ಸಾಲದು. ಸ್ತ್ರುತ್ತೋ ಇದೆಯಾ, ಬ್ರೋದೋ ದಿ ಕಾರ್ನೆ, ಅಂದರೆ ಮಾಂಸದ ಸಾರು, ಇದೆಯಾ ಅಂತ ಹೆಸರು ಹಿಡಿದು ಕೇಳಿ. ಮನೆಯವರೇ ಮಾಡಿದ್ದರಿಂದ ಅವರಿಗೆ ಉತ್ತರ ಗೊತ್ತಿರುತ್ತದೆ, ಒಳಗೆ ಹೋಗಿ ಕೇಳಿಕೊಂಡಾದರೂ ಬಂದು ಹೇಳುತ್ತಾರೆ. ದೊಡ್ಡ ಹೋಟೆಲಿನಲ್ಲಿ ಈ ಸುಖ ಕಡಿಮೆ.

ಮತ್ತೆ ಮೇಲೆ ತುರಿದು ಹಾಕುವ ಪಾರ್ಮಿಜಾನೋ ರೆಜ್ಜಾನೋ ಚೀಸ್. ಅದನ್ನು ಹೆಪ್ಪು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ, ನಿಯಮವೇ ಹಾಗಿದೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಇದು ಗೊತ್ತಿರಲಿ, ತಿನ್ನುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಚಕ್ರದಾಕಾರದ, ಸುಮಾರು 40 ಕಿಲೋ ತೂಗುವ ಒಂದು ಚೀಸಿಗೆ ಹತ್ತಿರಹತ್ತಿರ 550 ಲೀಟರ್ ಹಾಲು ಬೇಕು. ಕಡಿಮೆ ಅಂದರೂ 12 ತಿಂಗಳು ಮಾಗಬೇಕು. ಆ ಹಾಲು ಕರೆಯುವವರಲ್ಲಿ ನಮ್ಮ ಪಂಜಾಬಿನಿಂದ ಹೋದವರು ಬಹಳ. ಪೋ ನದಿಯ ಬಯಲಿನ ಹಸುಗಳ ಕೊಟ್ಟಿಗೆಗಳು ಎಷ್ಟೋ ವರ್ಷದಿಂದ ಅವರ ಕೈಯಲ್ಲಿವೆ. ರೆಜ್ಜೋ ಎಮಿಲಿಯಾ ಜಿಲ್ಲೆಯ ನೊವೆಲ್ಲಾರಾದಲ್ಲಿ ದೊಡ್ಡ ಗುರುದ್ವಾರವೇ ಇದೆ. ಅಪ್ಪಟ ಇಟಾಲಿಯನ್ ಚೀಸ್ ಅಂತ ನಾವು ಸವಿಯುವಾಗ ಇವರ ಹೆಸರು ಯಾರೂ ಎತ್ತುವುದಿಲ್ಲ, ನೋಡಿ.

ಇನ್ನು ಮನೆಯವರ ವಿಷಯ. ಅಜ್ಜಿ ಲಟ್ಟಿಸುವುದನ್ನು ಗಾಜಿನ ಕಿಟಕಿಯಲ್ಲಿ ತೋರಿಸಿ ಗಿರಾಕಿ ಕರೆಯುವುದು ಈಗ ಒಂದು ವ್ಯಾಪಾರ, ಅದಕ್ಕೆ ಮರುಳಾಗಬೇಡಿ. ಒಂದೇ ಕುಟುಂಬದ್ದು ಅಂದಮಾತ್ರಕ್ಕೆ ರುಚಿ ಗ್ಯಾರಂಟಿಯೂ ಅಲ್ಲ. ಆದರೆ ಒಂದು ಅಡುಗೆ ಒಂದೇ ಮನೆಯಲ್ಲಿ ತಲೆಮಾರು ದಾಟಿದರೆ ಏನಾಗಬಹುದು ಅನ್ನುವುದಕ್ಕೆ ಮಾಂತೊವಾ ಸೀಮೆಯ ದಾಲ್ ಪೆಸ್ಕಾತೋರೆ ಅನ್ನುವ ಹೋಟೆಲ್ ಸಾಕ್ಷಿ. 1920ರ ದಶಕದಲ್ಲಿ ಸಾಂತೀನಿ ಮನೆಯವರು ನದಿ ಮೀನು, ವೈನ್ ಕೊಡುವ ಹಳ್ಳಿ ಅಂಗಡಿಯಾಗಿ ಶುರು ಮಾಡಿದ್ದು. ಆ ಮನೆಗೆ ಸೊಸೆಯಾಗಿ ಬಂದ ನಾದಿಯಾ ಅಡುಗೆ ಕಲಿತದ್ದು ಗಂಡನ ಅಜ್ಜಿ ತೆರೇಸಾ, ಅತ್ತೆ ಬ್ರೂನಾ ಇಬ್ಬರ ಜೊತೆ ಒಲೆಯ ಮುಂದೆ ನಿಂತು. 1996ರಲ್ಲಿ ಆ ಜಾಗಕ್ಕೆ ಹೋಟೆಲುಗಳಿಗೆ ದರ್ಜೆ ಕೊಡುವ ಮಿಶೆಲಿನ್ ಗೈಡಿನ ಮೂರು ನಕ್ಷತ್ರ, ಅಂದರೆ ಅತಿ ಮೇಲಿನ ದರ್ಜೆ, ಬಂತು. ಅಲ್ಲಿ ಹೆಸರಾಗಿರುವುದು ಯಾವುದು ಗೊತ್ತಾ? ಆ ಸೀಮೆಯ ತೊರ್ತೆಲ್ಲಿ, ಅಂದರೆ ಸಿಹಿಗುಂಬಳದ ಹೂರಣ ಇಟ್ಟ ಪಾಸ್ತಾ. ಅತ್ತೆ ಸೊಸೆ ಒಂದೇ ಅಡುಗೆಮನೆಯಲ್ಲಿ ಅಷ್ಟು ವರ್ಷ ಕೂಡಿ ಬಾಳಿದ್ದಕ್ಕೇ ಒಂದು ನಕ್ಷತ್ರ ಬೇರೆಯಾಗಿ ಕೊಡಬೇಕಿತ್ತು ಅನ್ನುವುದು ನನ್ನ ಅನಿಸಿಕೆ. ಅದು ತೀರಾ ದುಬಾರಿ ಜಾಗ, ನಮ್ಮಂಥವರಿಗೆ ಸಣ್ಣ ತ್ರತ್ತೊರಿಯಾನೇ ಸರಿ.

ಬಿಲ್ಲು. ಕೇಳುವ ತನಕ ತರುವುದಿಲ್ಲ. ಅದು ಅಸಡ್ಡೆ ಅಲ್ಲ. ಮೇಜು ಆ ಹೊತ್ತಿಗೆ ನಿಮ್ಮದು, ಎದ್ದೇಳಿ ಅನ್ನುವುದು ಅವರಿಗೆ ಒರಟು. ಇಲ್ ಕೊಂತೋ ಅಂತ ಕೇಳಿ, ಕೊಡುತ್ತಾರೆ. ಅದರಲ್ಲಿ ಕೊಪೆರ್ತೋ ಅಂತ ತಲೆಗೆ ಎರಡು ಮೂರು ಯೂರೋ ಇರುತ್ತದೆ. ಬ್ರೆಡ್ಡು, ಮೇಜಿನ ಬಟ್ಟೆ, ತಟ್ಟೆ ಚಮಚದ ಲೆಕ್ಕ ಅದು, ಮೋಸ ಅಲ್ಲ. ರೋಮ್ ಇರುವ ಲಾತ್ಸಿಯೋ ಪ್ರಾಂತ್ಯ ಮಾತ್ರ 2006ರಲ್ಲಿ ಅದನ್ನು ಕಾನೂನು ಮಾಡಿ ತೆಗೆಯಿತು, ಅಲ್ಲಿ ಬ್ರೆಡ್ಡಿನ ಹಣ ಅಂತ ಬರೆಯುತ್ತಾರೆ. ನೀರಿಗೂ ದುಡ್ಡು, ಬಾಟಲಿಯಲ್ಲೇ ಬರುತ್ತದೆ. ಟಿಪ್ಸ್ ಕೊಡಲೇಬೇಕು ಅಂತಿಲ್ಲ. ಬ್ರೆಡ್ಡಿಗೆ ಕೊಟ್ಟ ಹಣ ದಂಡ ಆಗದಿರಲಿ, ತಟ್ಟೆಯಲ್ಲಿ ಉಳಿದ ಸಾಸನ್ನು ಅದರಲ್ಲೇ ಬಳಿದು ತಿನ್ನಿ, ಅಲ್ಲಿ ಎಲ್ಲರೂ ಮಾಡುತ್ತಾರೆ.

ಹೋಗುವವರಿದ್ದರೆ ಆಗಸ್ಟ್ ಬಿಟ್ಟು ಹೋಗಿ. 15ನೇ ತಾರೀಖು ಫೆರಾಗೋಸ್ತೋ ಹಬ್ಬ. ಅದರ ಹಿಂದೆ ಮುಂದೆ ಮನೆಮಂದಿಯೆಲ್ಲ ಸಮುದ್ರದ ಕಡೆ ಹೊರಟಿರುತ್ತಾರೆ, ಬಾಗಿಲಿಗೆ ರಜೆಯ ಚೀಟಿ. ಅಕ್ಟೋಬರ್ ಒಳ್ಳೆಯ ತಿಂಗಳು. ಬಿಸಿಲು ಇಳಿದಿರುತ್ತದೆ, ಕುಂಬಳಕಾಯಿ ಬಂದಿರುತ್ತದೆ, ಬೊಲೋನ್ಯಾದಿಂದ ರೈಲಿನಲ್ಲಿ ಅರ್ಧ ಗಂಟೆ ಹೋದರೆ ಫೆರ್ರಾರಾ, ಅಲ್ಲಿ ಕಪ್ಪೆಲ್ಲಾಚ್ಚಿ ಅಂತ ಸಿಹಿಗುಂಬಳದ ಹೂರಣದ ಪಾಸ್ತಾ ಸಿಗುತ್ತದೆ. ಬೆಣ್ಣೆ ಮತ್ತು ಸೇಜ್ ಹಾಕಿದ್ದು ಅಂತ ಕೇಳಿ, ಯಾಕೆಂದರೆ ಇನ್ನೊಂದು ಬಗೆ ರಗೂ ಹಾಕಿಯೇ ಬರುತ್ತದೆ.

ನಮಸ್ಕಾರ.