ನೊಣ ಹೊಡ್ಕೊಂಡು ಕೂತವರು

ವ್ಯಾಪಾರ ಇಲ್ಲದ ಅಂಗಡಿಯವನನ್ನ ನೋಡಿ ನಾವೇನಂತೀವಿ? "ಪಾಪ, ನೊಣ ಹೊಡ್ಕೊಂಡು ಕೂತಿದ್ದಾನೆ." ನಮ್ಮ ಭಾಷೇಲಿ ನೊಣ ಅನ್ನೋದು ಕೆಲಸ ಇಲ್ಲದವನ ಕೆಲಸ. ಇವತ್ತು ಹೇಳ್ತಿರೋದು ನಿಜವಾಗ್ಲೂ ಹಾಗೆ ಕೂತವರ ಕಥೆ. ಜರ್ಮನಿ, ಆಸ್ಟ್ರಿಯಾ ಕಡೆಯವರು. ಸುಮಾರು ಇನ್ನೂರು ವರ್ಷದಿಂದ ಅಲ್ಲಿ ನೊಣ ಹಿಡಿದು, ಸೂಜಿಗೆ ಚುಚ್ಚಿ, ಭೂತಗನ್ನಡಿ ಹಿಡ್ಕೊಂಡು ನೋಡ್ತಾನೇ ಇದ್ದಾರೆ. ನೊಣದ ವಿಜ್ಞಾನ ಅಂದ ಕೂಡಲೇ ನಮಗೆ ನೊಬೆಲ್ ಲ್ಯಾಬುಗಳು ನೆನಪಾಗ್ತವೆ. ಆದ್ರೆ ಆ ಲ್ಯಾಬುಗಳಿಗೆ ನೆಲ ಹದ ಮಾಡಿದವರು ಮೇಷ್ಟ್ರುಗಳು, ಸರ್ಕಾರಿ ಅಧಿಕಾರಿಗಳು, ಮಠದ ಸನ್ಯಾಸಿಗಳು. ಅವರ ಲೆಕ್ಕ ನಾವಿನ್ನೂ ಚುಕ್ತಾ ಮಾಡಿಲ್ಲ ಅನ್ನೋದು ನನ್ನ ತಕರಾರು.

ಮನೇಲಿ ಬಾಳೆಹಣ್ಣು ಕಳಿತರೆ ಸುತ್ತ ಹಾರಾಡುತ್ತಲ್ಲ, ಎಳ್ಳುಕಾಳಿನಷ್ಟು ನೊಣ, ಅಲ್ಲಿಂದಲೇ ಶುರು ಮಾಡೋಣ. ಅದರ ಹೆಸರು ಡ್ರೊಸೊಫಿಲಾ ಮೆಲನೊಗ್ಯಾಸ್ಟರ್. ಬಿಡಿಸಿ ಹೇಳಿದ್ರೆ, ಇಬ್ಬನಿಯನ್ನ ಪ್ರೀತಿಸೋ ಕಪ್ಪು ಹೊಟ್ಟೆಯದು. ತಿಪ್ಪೆ ಮೇಲಿನ ಜೀವಕ್ಕೆ ಎಂಥ ಹೆಸರು ನೋಡಿ! ಆ "ಕಪ್ಪು ಹೊಟ್ಟೆ" ಅನ್ನೋ ಭಾಗ ಇಟ್ಟವರು ಯೋಹಾನ್ ವಿಲ್ಹೆಲ್ಮ್ ಮೈಗೆನ್, 1830ರಲ್ಲಿ.

ಮೈಗೆನ್ ಹುಟ್ಟಿದ್ದು 1764ರಲ್ಲಿ, ಚಾಕು ಕತ್ತಿಗೆ ಹೆಸರಾದ ಜೋಲಿಂಗನ್ ಊರಲ್ಲಿ. ಬಾಳಿದ್ದು ಆಖೆನ್ ಹತ್ತಿರದ ಸ್ಟೋಲ್ಬರ್ಗ್ ಅನ್ನೋ ಸಣ್ಣ ಊರಲ್ಲಿ. ಹೊಟ್ಟೆಪಾಡಿಗೆ ಫ್ರೆಂಚ್ ಪಾಠ ಹೇಳೋದು, ಆರ್ಗನ್ ನುಡಿಸೋದು. ವಿಶ್ವವಿದ್ಯಾಲಯದ ಕೆಲಸ ಇಲ್ಲ. ಅವರಿಗಿಂತ ಮುಂಚೆ ದೊಡ್ಡ ವಿದ್ವಾಂಸ ಫ್ಯಾಬ್ರಿಷಿಯಸ್, ಕೀಟಗಳನ್ನೆಲ್ಲ ಬಾಯಿಯ ರಚನೆ ನೋಡಿ ವಿಂಗಡಿಸ್ತಿದ್ರು. ಎಳ್ಳುಕಾಳಿನಷ್ಟು ನೊಣದ ಬಾಯಿ ಬಿಡಿಸಿ ನೋಡೋದು ಯಾರಿಂದಾಗುತ್ತೆ ಹೇಳಿ? ಮೈಗೆನ್ ರೆಕ್ಕೆ ನೋಡಿದ್ರು. ನೊಣದ ರೆಕ್ಕೇಲಿ ಎಲೆಯ ನರಗಳ ಥರ ಗೆರೆಗಳಿರ್ತವೆ. ಯಾವ ಗೆರೆ ಎಲ್ಲಿ ಕವಲೊಡೀತು, ಯಾವುದು ಅಂಚು ಮುಟ್ತು, ಇದೇ ಅದರ ಜಾತಕ. ಆ ಗೆರೆಗಳ ಜೊತೆಗೆ ಮೀಸೆಯ ಆಕಾರ, ಇನ್ನೂ ಒಂದೆರಡು ಗುರುತು ಸೇರಿಸಿ ಯುರೋಪಿನ ನೊಣ, ಸೊಳ್ಳೆಗಳನ್ನೆಲ್ಲ ಏಳು ಸಂಪುಟಗಳಲ್ಲಿ ಬರೆದಿಟ್ರು. 1818ರಿಂದ 1838ರವರೆಗೆ, ಇಪ್ಪತ್ತು ವರ್ಷ. ಅಷ್ಟೆಲ್ಲ ಮಾಡಿದ ಮೇಲೆ ಮುಪ್ಪಿನಲ್ಲಿ ತಾವು ಕೂಡಿಟ್ಟ ನೊಣಗಳನ್ನ ಪ್ಯಾರಿಸ್ಸಿನ ಮ್ಯೂಸಿಯಮ್ಮಿಗೆ ಮಾರಿದ್ರು. ಜರ್ಮನಿಯ ನೊಣಶಾಸ್ತ್ರದ ಪಿತಾಮಹನ ಪೆಟ್ಟಿಗೆಗಳು ಇವತ್ತಿಗೂ ಫ್ರಾನ್ಸಿನಲ್ಲಿವೆ.

ಇದರಲ್ಲೊಂದು ತಮಾಷೆ ಇದೆ. 1800ರಲ್ಲಿ ಇದೇ ಮೈಗೆನ್ ಒಂದು ಕಿರುಪುಸ್ತಕ ಬರೆದು ಒಂದಷ್ಟು ಹೆಸರು ಕೊಟ್ಟಿದ್ರು. ಯಾರೂ ಓದ್ಲಿಲ್ಲ. ಮೂರೇ ವರ್ಷಕ್ಕೆ ಅವರೇ ಅದನ್ನ ಬಿಟ್ಟು ಬೇರೆ ಹೆಸರು ಕೊಟ್ರು. ನೂರು ವರ್ಷ ಕಳೆದ ಮೇಲೆ, 1908ರಲ್ಲಿ, ವಿಯೆನ್ನಾದ ಫ್ರೀಡ್ರಿಖ್ ಹೆಂಡೆಲ್ (ಇವರೂ ಮೇಷ್ಟ್ರೇ) ಆ ಪುಸ್ತಕ ಹುಡುಕಿ ತೆಗೆದು, "ಹಳೇ ಹೆಸರೇ ಸರಿ" ಅಂದ್ರು. ಅಲ್ಲಿಗೆ ಶುರುವಾಯ್ತು ವ್ಯಾಜ್ಯ. ಒಂದೇ ಕುಟುಂಬದ ನೊಣಕ್ಕೆ ಒಬ್ಬರು ಒಂದು ಹೆಸರು, ಇನ್ನೊಬ್ಬರು ಇನ್ನೊಂದು. ನಮ್ಮ ಕಡೆ ಜಮೀನಿನ ಕೇಸು ಎಳೆದ ಹಾಗೆ ಎಳೆದು, 1963ರಲ್ಲಿ ಪ್ರಾಣಿಗಳ ಹೆಸರಿನ ವ್ಯಾಜ್ಯ ತೀರಿಸೋ ಅಂತಾರಾಷ್ಟ್ರೀಯ ಆಯೋಗ ಆ ಪುಸ್ತಕದ ಹೆಸರುಗಳನ್ನ ರದ್ದು ಮಾಡ್ತು. ಐವತ್ತೈದು ವರ್ಷ!

ಮೈಗೆನ್ ನಂತರದ ಪಟ್ಟಿಯೂ ಹೀಗೇ ಇದೆ. ಹೆರ್ಮನ್ ಲೋವ್, ಮೇಷ್ಟ್ರು. ಅಮೆರಿಕಕ್ಕೆ ಕಾಲಿಡದೆ ಅಮೆರಿಕದ ನೂರಾರು ನೊಣಗಳನ್ನ ವರ್ಣಿಸಿದ್ರು. ಆಸ್ಟ್ರಿಯಾದ ನೊಣಗಳ ಮೇಲೆ 1862ರಿಂದ 64ರ ನಡುವೆ ದೊಡ್ಡ ಗ್ರಂಥ ತಂದ ಇಗ್ನಾಜ್ ಶೀನರ್, ಸರ್ಕಾರಿ ಅಧಿಕಾರಿ. ಗ್ಯಾಬ್ರಿಯಲ್ ಸ್ಟ್ರೋಬ್ಲ್, ಆಡ್ಮಾಂಟ್ ಮಠದ ಸನ್ಯಾಸಿ. ಅವರ ಸಂಗ್ರಹ ಇವತ್ತಿಗೂ ಆ ಮಠದಲ್ಲೇ ಇದೆ. ಲೋವ್‌ಗೆ ಅಮೆರಿಕದಿಂದ ನೊಣ ಕಳಿಸಿಕೊಡ್ತಿದ್ದ ಓಸ್ಟೆನ್-ಸಾಕೆನ್, ರಷ್ಯಾದ ರಾಜತಾಂತ್ರಿಕ. ನೊಣದ ಮೈಮೇಲಿನ ಬಿರುಗೂದಲು ಎಲ್ಲೆಲ್ಲಿ ಹೇಗೆ ಜೋಡಿಸಿಕೊಂಡಿದೆ ಅಂತ ನೋಡಿ ಜಾತಿ ಗುರುತಿಸೋ ಪದ್ಧತಿ ಬೆಳೆಸಿದವರು ಇವರೇ. ಕೊನೆಗಾಲದಲ್ಲಿ ಹೈಡೆಲ್‌ಬರ್ಗ್‌ಗೆ ಬಂದು ನೆಲೆಸಿ, 1906ರಲ್ಲಿ ಅಲ್ಲೇ ತೀರಿಕೊಂಡ್ರು. ಆ ಊರಿನ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಇವರೆಲ್ಲರಲ್ಲಿ ನನಗೆ ತುಂಬ ಇಷ್ಟದವರು ವಿಲ್ಲಿ ಹೆನ್ನಿಗ್. 1913ರಲ್ಲಿ ಸ್ಯಾಕ್ಸನಿಯಲ್ಲಿ ಹುಟ್ಟಿದವರು. ಬಹುಪಾಲು ನೊಣತಜ್ಞರು ರೆಕ್ಕೆ ಬಂದ ನೊಣ ನೋಡಿದ್ರೆ, ಇವರು ಅದರ ಹುಳ ನೋಡಿದ್ರು. ಕೊಳೆತದ್ದರಲ್ಲಿ ಮಿಜಿಮಿಜಿ ಅನ್ನುತ್ತಲ್ಲ, ಅದನ್ನೇ. ಎರಡನೇ ಮಹಾಯುದ್ಧದ ಕೊನೆಗೆ ಇಟಲಿಯಲ್ಲಿ ಬ್ರಿಟಿಷರ ಕೈಗೆ ಸಿಕ್ಕು ಸೆರೆಯಲ್ಲಿದ್ದಾಗ ಒಂದು ನೋಟ್‌ಬುಕ್ಕಿನಲ್ಲಿ ಬರೆಯೋಕೆ ಶುರು ಮಾಡಿದ್ರು. 1950ರಲ್ಲಿ ಅದು ಪುಸ್ತಕ ಆಯ್ತು. ವಿಷಯ ಇಷ್ಟೇ: ನನಗೂ ನಿಮಗೂ ಎರಡು ಕೈ ಇದೆ ಅಂತ ನಾವು ದಾಯಾದಿಗಳಾಗಲ್ಲ, ಎರಡು ಕೈ ಎಲ್ಲರಿಗೂ ಇದೆ. ಆದ್ರೆ ಒಬ್ಬ ಮುತ್ತಜ್ಜಿಗೆ ಹೊಸದಾಗಿ ಬಂದ ಒಂದು ಗುರುತು ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ ಅಂದ್ರೆ ಆಗ ಸಂಬಂಧ ಹೇಳಬಹುದು. ಹಳೇ ಹೋಲಿಕೆ ಬಿಡಿ, ಹೊಸದಾಗಿ ಹುಟ್ಟಿದ ಹೋಲಿಕೆ ಹಿಡೀರಿ. ಜೀವಿಗಳ ವಂಶವೃಕ್ಷ ಬರೆಯೋರು ಇವತ್ತಿಗೂ ಈ ತತ್ವದ ಮೇಲೇ ನಿಂತಿದ್ದಾರೆ. ಹಕ್ಕಿಗಳು ಡೈನೋಸಾರ್ ವಂಶದವು ಅಂತ ಓದಿ ಬೆರಗಾಗ್ತೀರಲ್ಲ, ಆ ಲೆಕ್ಕಾಚಾರದ ಹಿಂದೆ ಇರೋದು ನೊಣದ ಹುಳ ನೋಡ್ತಿದ್ದ ಮನುಷ್ಯನ ತಲೆ. ಪಾಪ, ಅವರ ಮನೆ ಪಶ್ಚಿಮ ಬರ್ಲಿನ್‌ನಲ್ಲಿ, ಕೆಲಸ ಪೂರ್ವ ಬರ್ಲಿನ್‌ನಲ್ಲಿ. 1961ರಲ್ಲಿ ನಡುವೆ ಗೋಡೆ ಎದ್ದಾಗ ಕೆಲಸ ಆಚೆ ಕಡೆಗೇ ಹೋಯ್ತು.

ಈಗ ಹೈಡೆಲ್‌ಬರ್ಗ್. 1970ರ ದಶಕದ ಕೊನೆ. ಕ್ರಿಸ್ಟಿಯಾನೆ ನ್ಯೂಸ್‌ಲೈನ್-ಫೋಲ್‌ಹಾರ್ಡ್ ಮತ್ತು ಎರಿಕ್ ವಿಷಾಸ್, ಇಬ್ಬರು ವಿಜ್ಞಾನಿಗಳು ಎದುರುಬದುರು ಕೂತು ಒಂದೇ ಸೂಕ್ಷ್ಮದರ್ಶಕದಲ್ಲಿ ಹಣ್ಣುನೊಣದ ಭ್ರೂಣ ನೋಡ್ತಿದ್ದಾರೆ. ಜೀನುಗಳನ್ನ ಕೆಡಿಸಿದ ಸಾವಿರಾರು ನೊಣದ ವಂಶಗಳು. ಪ್ರತಿಯೊಂದರಲ್ಲೂ ಪ್ರಶ್ನೆ ಒಂದೇ: ಹುಳದ ಮೈಮೇಲಿನ ಸಣ್ಣ ಹಲ್ಲುಕೂದಲಿನ ಪಟ್ಟಿಗಳಲ್ಲಿ ಯಾವುದು ತಪ್ಪಿದೆ? ಒಂದರಲ್ಲಿ ಪಟ್ಟಿ ಬಿಟ್ಟು ಪಟ್ಟಿ ಮಾಯ. ಇನ್ನೊಂದರಲ್ಲಿ ಮೈತುಂಬ ಮುಳ್ಳು. ಅದಕ್ಕೆ ಹೆಡ್ಜ್‌ಹಾಗ್, ಮುಳ್ಳಿಲಿ, ಅಂತ ಹೆಸರಿಟ್ರು. 1980ರ ಪ್ರಬಂಧದಲ್ಲಿ ಇಂಥ 15 ಜೀನುಗಳು. ಅದೇ ಮುಳ್ಳಿಲಿ ಜೀನಿನ ದಾಯಾದಿ ನಮ್ಮಲ್ಲೂ ಇದೆ, ನಮ್ಮ ಕೈಬೆರಳು ಸರಿಯಾಗಿ ಮೂಡೋಕೆ ಅದು ಬೇಕು. 1995ರಲ್ಲಿ ನೊಬೆಲ್ ಬಂತು, ಬರಲೇಬೇಕಿತ್ತು. ಆದ್ರೆ ಗಮನಿಸಿದ್ರಾ? ಅವರು ಮಾಡಿದ್ದೂ ಹುಳದ ಮೈಮೇಲಿನ ಕೂದಲು ಓದೋ ಕೆಲಸಾನೇ. ಹೆನ್ನಿಗ್ ಹುಳ, ಓಸ್ಟೆನ್-ಸಾಕೆನ್ ಬಿರುಗೂದಲು, ಮೈಗೆನ್ ಇಟ್ಟ ಹೆಸರು. ಹೈಡೆಲ್‌ಬರ್ಗ್‌ನಿಂದ ನ್ಯೂಸ್‌ಲೈನ್-ಫೋಲ್‌ಹಾರ್ಡ್ ಹೋದದ್ದು ಟ್ಯೂಬಿಂಗನ್‌ಗೆ. ಅದೇ ಟ್ಯೂಬಿಂಗನ್‌ನಲ್ಲಿ ನೊಣದ ಮೆದುಳು ವಾಸನೆಯನ್ನ ಹೇಗೆ ಗುರುತಿಸುತ್ತೆ ಅಂತ ದುಡಿದ ವೆರೋನಿಕಾ ರೊಡ್ರಿಗಸ್, ಮುಂದೆ ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಕ್ಕೆ ಬಂದ್ರು.

ಹವ್ಯಾಸಿಗಳನ್ನ ಹೊಗಳೋದು ಸುಲಭ ಅಂತ ನನಗೂ ಗೊತ್ತು. ಹೊಗಳಿದ ಮೇಲೆ ಸಂಬಳ ಕೊಡಬೇಕಾಗಿಲ್ಲವಲ್ಲ! "ಆಹಾ, ಎಂಥ ತಪಸ್ಸು" ಅಂದು ಕೈ ತೊಳ್ಕೋಬಹುದು. ನನಗೆ ಆ ಮಾತು ಬೇಡ. ಮೈಗೆನ್‌ಗೊಂದು ನೌಕರಿ ಇದ್ದಿದ್ರೆ ಪೆಟ್ಟಿಗೆ ಮಾರಬೇಕಾಗ್ತಿರ್ಲಿಲ್ಲ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳ್ತಿದ್ದೀನಿ ಅಂದ್ರೆ, ಕ್ರೇಫೆಲ್ಡ್. ಅದು ಮೈಗೆನ್ ಹುಟ್ಟಿದ ಸೀಮೆಯಲ್ಲೇ ಇರೋ ಊರು. ಅಲ್ಲಿ 1905ರಿಂದ ಒಂದು ಕೀಟಪ್ರಿಯರ ಸಂಘ ಇದೆ, ಹೆಚ್ಚಿನವರು ಹವ್ಯಾಸಿಗಳು. ಡೇರೆ ಥರದ ಬಲೆ ಕಟ್ಟೋದು, ಬಿದ್ದ ಕೀಟಗಳನ್ನ ಆಲ್ಕೋಹಾಲ್ ಬಾಟಲಿಗೆ ಹಾಕೋದು, ತೂಗೋದು. 63 ಸಂರಕ್ಷಿತ ಜಾಗಗಳಲ್ಲಿ, 27 ವರ್ಷ. 2017ರಲ್ಲಿ ಲೆಕ್ಕ ಹೊರಬಿತ್ತು: ಹಾರೋ ಕೀಟಗಳ ಒಟ್ಟು ತೂಕದಲ್ಲಿ ನೂರಕ್ಕೆ 76 ಪಾಲು ಕಡಿಮೆ. ಅದೂ ಸಂರಕ್ಷಿತ ಜಾಗದಲ್ಲಿ! ಜಗತ್ತು ಬೆಚ್ಚಿಬಿತ್ತು.

ಆದ್ರೆ ಆ ಲೆಕ್ಕ ತೂಕದ್ದು. ಎಷ್ಟು ಹೋಯ್ತು ಅಂತ ತಕ್ಕಡಿ ಹೇಳ್ತು, ಯಾರು ಹೋದ್ರು ಅಂತ ಹೇಳಲ್ಲ. ಅದು ಗೊತ್ತಾಗಬೇಕಾದ್ರೆ ಒಂದೊಂದೇ ಬಾಟಲಿ ಬಿಚ್ಚಿ, ಎಳ್ಳುಕಾಳಿನಷ್ಟು ನೊಣಗಳನ್ನ ಹರವಿ, ರೆಕ್ಕೆಯ ಗೆರೆ ನೋಡೋರು ಬೇಕು. ಜರ್ಮನಿಯೊಂದರಲ್ಲೇ ಈವರೆಗೆ ಹೆಸರು ಪಡೆದ ನೊಣ, ಸೊಳ್ಳೆ ಜಾತಿಗಳು 9,000ಕ್ಕೂ ಹೆಚ್ಚು. ಹೆಸರೇ ಇಲ್ಲದವು ಇನ್ನೂ ಎಷ್ಟೋ ಇವೆ. ಡಿಎನ್‌ಎ ಪರೀಕ್ಷೆ ಮಾಡಿದಾಗಲೆಲ್ಲ ಹೊಸವು ಸಿಗ್ತಿವೆ. ಯಂತ್ರ ಹೇಳೋದು "ಇದು ಬೇರೆ" ಅಂತ ಮಾತ್ರ. ಅದಕ್ಕೊಂದು ವರ್ಣನೆ, ಒಂದು ಹೆಸರು ಕೊಡೋಕೆ ಮತ್ತೆ ಒಬ್ಬ ಮೈಗೆನ್ ಬೇಕು. ಈ ಸಲ ಆ ಕುರ್ಚಿಯಲ್ಲಿ ಕೂರೋರಿಗೆ ತಿಂಗಳ ಸಂಬಳ ಯಾರು ಕೊಡ್ತಾರೆ?